ಒಗ್ಗರಣೆಯ ಹೊಗೆ ಎಲ್ಲಿಗೆ ಹೋಗಬೇಕು?

ಮೈಸೂರಿನ ಅಡುಗೆಮನೆಗಳಲ್ಲಿ ಚಿಮಣಿ ಬಿಚ್ಚಿ ತೊಳೆಯುವುದು, ರಿಪೇರಿ ಮಾಡುವುದು ನನ್ನ ಕಸುಬು. ಗೌರಿ ಹಬ್ಬ ಹತ್ತಿರವಾದರೆ ಫೋನಿಗೆ ಬಿಡುವಿಲ್ಲ. ಹೆಚ್ಚಿನವರ ದೂರು ಒಂದೇ: "ಸೌಂಡು ಜೋರಾಗೇ ಬರತ್ತೆ, ಹೊಗೆ ಮಾತ್ರ ಎಳಿಯಲ್ಲ ನೋಡಿ."

ಚಿಮಣಿ ಮುಟ್ಟುವ ಮೊದಲು ನಾನು ಮನೆಯ ಹಿಂದಕ್ಕೆ ಹೋಗಿ ಪೈಪಿನ ಬಾಯಿ ನೋಡುತ್ತೇನೆ. ಕೆಲವೆಡೆ ಪಾರಿವಾಳ ಗೂಡು ಕಟ್ಟಿರುತ್ತದೆ. ಇನ್ನು ಕೆಲವೆಡೆ ಪೈಪು ಹೊರಗೇ ಬಂದಿರುವುದಿಲ್ಲ, ಫಾಲ್ಸ್ ಸೀಲಿಂಗ್ ಒಳಗೇ ನಿಂತುಬಿಟ್ಟಿರುತ್ತದೆ. ಆರು ಇಂಚಿನ ಪೈಪನ್ನು ನಾಲ್ಕು ಇಂಚಿನ ತೂತಿಗೆ ಹಿಸುಕಿ ತುರುಕಿದ್ದನ್ನಂತೂ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಕೊಳ್ಳುವಾಗ ಎಲ್ಲರೂ ಡಬ್ಬದ ಮೇಲಿನ ಅಂಕಿ ನೋಡುತ್ತಾರೆ: ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುತ್ತದೆ ಅಂತ. ಪೈಪು ಉದ್ದವಾದಷ್ಟೂ, ತಿರುವು ಹೆಚ್ಚಿದಷ್ಟೂ ಆ ಅಂಕಿ ಇಳಿಯುತ್ತಾ ಹೋಗುತ್ತದೆ. ನನ್ನನ್ನು ಕೇಳಿದರೆ ದುಬಾರಿ ಮಾಡೆಲ್‌ಗಿಂತ ಗಿಡ್ಡ, ನೇರ ಪೈಪು ಮೇಲು.

ಒಳಗಿನ ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೂ ಬರಬೇಕಲ್ಲ? ಬಾಗಿಲು ಕಿಟಕಿಯೆಲ್ಲ ಬಿಗಿಯಾಗಿ ಮುಚ್ಚಿದರೆ ಮೋಟಾರು ಸುಮ್ಮನೆ ಒದ್ದಾಡುತ್ತದೆ. ಒಲೆಯ ಪಕ್ಕದ್ದಲ್ಲ, ದೂರದ ಕಿಟಕಿಯೊಂದನ್ನು ಸ್ವಲ್ಪ ತೆರೆದಿಡಿ. ಪಕ್ಕದ್ದನ್ನು ತೆರೆದರೆ ಗಾಳಿ ಬೀಸಿ ಹೊಗೆ ಚಿಮಣಿಯ ಕೈಗೆ ಸಿಗದೆ ಹಾಲಿಗೆ ನುಗ್ಗುತ್ತದೆ.

ಮೆಣಸಿನಕಾಯಿ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದ ಮೇಲೆ ಸ್ವಿಚ್ ಹಾಕುವವರೇ ಜಾಸ್ತಿ. ಬಾಣಲೆ ಇಡುವ ಮೊದಲೇ ಹಾಕಿ, ಒಲೆ ಆರಿಸಿದ ಮೇಲೂ ಹತ್ತು ನಿಮಿಷ ಓಡಲು ಬಿಡಿ. ಟೀ ಕಾಯಿಸುವಾಗ ಕಡಿಮೆ ಸ್ಪೀಡ್ ಸಾಕು. ಪಾತ್ರೆಯಿಲ್ಲದ ಒಲೆಯನ್ನು ಜೋರಾಗಿ ಉರಿಯಲು ಮಾತ್ರ ಬಿಡಬೇಡಿ. ಜಿಡ್ಡು ತುಂಬಿದ ಫಿಲ್ಟರ್‌ಗೆ ಬೆಂಕಿ ತಗಲುವ ಅಪಾಯವಿದೆ.

ಆಟೋ ಕ್ಲೀನ್ ಇದೆ, ತೊಳೆಯುವುದೇ ಬೇಡ ಎನ್ನುವವರಿಗೆ ಏನು ಹೇಳಲಿ! ಆ ಗುಂಡಿ ಒತ್ತಿದರೆ ಒಳಗೆ ಬಿಸಿಯಾಗಿ ಎಣ್ಣೆ ಕರಗುತ್ತದೆ, ಕೆಳಗಿನ ಕಪ್ಪಿಗೆ ಇಳಿಯುತ್ತದೆ, ಅಷ್ಟೇ. ಕಪ್ಪು ಖಾಲಿ ಮಾಡುವವರು ನೀವೇ. ತಿಂಗಳುಗಟ್ಟಲೆ ಬಿಟ್ಟರೆ ಎಣ್ಣೆ ಹಲಸಿನ ಮೇಣದಂತೆ ಅಂಟುಗಟ್ಟಿ, ಯಾವ ಬಿಸಿಗೂ ಜಗ್ಗುವುದಿಲ್ಲ.

ಫಿಲ್ಟರ್ ಇರುವ ಚಿಮಣಿಯಾದರೆ, ದಿನವೂ ಒಗ್ಗರಣೆ ಹಾಕುವ ಮನೆಯಲ್ಲಿ ಎರಡು ವಾರಕ್ಕೊಮ್ಮೆ ತೊಳೆಯುವುದು ಒಳ್ಳೆಯದು. ಪ್ಲಗ್ ತೆಗೆದು ಫಿಲ್ಟರ್ ಬಿಚ್ಚಿ. ಸ್ಟೀಲಿನದಾದರೆ ಬಿಸಿನೀರು, ಪಾತ್ರೆ ಸೋಪು, ಒಂದಿಷ್ಟು ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಬ್ರಷ್‌ನಿಂದ ಉಜ್ಜಿ. ಅಲ್ಯೂಮಿನಿಯಂ ಜಾಲರಿಗೆ ಸೋಡಾ ಬೇಡ, ಕಪ್ಪಾಗುತ್ತದೆ. ಕಾಸ್ಟಿಕ್ ಸೋಡಾ ಹಾಕಿದರಂತೂ ಅದು ಜಾಲರಿಯನ್ನೇ ತಿನ್ನುತ್ತದೆ. ಪೂರ್ತಿ ಒಣಗಿದ ಮೇಲೆಯೇ ಮತ್ತೆ ಹಾಕಿ.

ಪೈಪಿಲ್ಲದ ಚಿಮಣಿಯೂ ಉಂಟು. ಅದರಲ್ಲಿ ಇದ್ದಿಲಿನ ಫಿಲ್ಟರ್ ವಾಸನೆ ಹೀರಿಕೊಂಡು ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುತ್ತದೆ. ಸೆಕೆ, ಹಬೆ ಎರಡೂ ಒಳಗೇ. ಆ ಇದ್ದಿಲನ್ನು ಸಾಮಾನ್ಯವಾಗಿ ತೊಳೆಯುವಂತಿಲ್ಲ, ಬದಲಿಸಬೇಕು. ಗೋಡೆ ಕೊರೆಯಲು ಒಪ್ಪದ ಬಾಡಿಗೆ ಮನೆಯಾದರೆ ಸರಿ, ಸ್ವಂತ ಮನೆಗೆ ನಾನು ಹೇಳುವುದಿಲ್ಲ.

ಕಪ್ಪಿನ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಹಳೇ ಪೇಪರಿಗೆ ಒರೆಸಿ ಕಸಕ್ಕೆ ಹಾಕಿ. ಸಿಂಕು ಕಟ್ಟಿಕೊಂಡರೆ ಆ ಕೆಲಸ ನನ್ನದಲ್ಲ, ಪ್ಲಂಬರ್‌ಗೆ ಬೇರೆ ದುಡ್ಡು ಕೊಡಬೇಕು.