ಚೈನು ಹೊಸತು, ಎಂಜಿನ್ ಮಾತ್ರ ಏಳದು

ಕಾಕತಿ ಎಂದೊಡನೆ ನೆನಪಾಗುವುದು ಕಿತ್ತೂರು ರಾಣಿ ಚೆನ್ನಮ್ಮನ ತವರು. ಪುಣೆ–ಬೆಂಗಳೂರು ಹೆದ್ದಾರಿ ಈ ಊರಿನ ಮೇಲೆಯೇ ಹಾದುಹೋಗುತ್ತದೆ. ಹೊನಗಾ ಕೈಗಾರಿಕಾ ಪ್ರದೇಶವೂ ದೂರವಿಲ್ಲ. ಬೆಳಗಾವಿಯ ಫೌಂಡ್ರಿ, ಮಷಿನ್ ಶಾಪುಗಳಂತೂ ಎಂಜಿನ್ ಬಿಡಿಭಾಗಗಳಿಗೆ ಹೆಸರುವಾಸಿ. ಈ ಸೀಮೆಯ ಹುಡುಗರು ಐಟಿಐ, ಡಿಪ್ಲೊಮಾ ಮುಗಿಸಿ ಗ್ಯಾರೇಜು ಸೇರಿದರೆ ಅಚ್ಚರಿಯೇನಿಲ್ಲ. ಅಲ್ಲಿ ಎದುರಾಗುವ ನಿಜವಾದ ಪರೀಕ್ಷೆಗಳಲ್ಲಿ ಇದೊಂದು: ಟೈಮಿಂಗ್ ಚೈನು ಬದಲಿಸಿದ್ದಾಯಿತು, ಬೋಲ್ಟು ಬಿಗಿದದ್ದಾಯಿತು, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ.

ಆಗ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು ಶುದ್ಧ ತಪ್ಪು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟು 2 ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟು 1 ಸುತ್ತು ತಿರುಗುತ್ತದೆ. ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲುಗಳಿದ್ದರೆ ಕ್ಯಾಮಿನ ಚಕ್ರಕ್ಕೆ 40. ಚೈನು ಒಂದೇ ಹಲ್ಲು ತಪ್ಪಿ ಕೂತರೂ 360 ಭಾಗಿಸು 20, ಅಂದರೆ 18 ಡಿಗ್ರಿ ವ್ಯತ್ಯಾಸ! (ಗಣಿತ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಪಾಲಕರು ಈ ಲೆಕ್ಕ ತೋರಿಸಬಹುದು.) ವ್ಯತ್ಯಾಸ ಹೆಚ್ಚಾದರೆ ಅನೇಕ ಎಂಜಿನ್‌ಗಳಲ್ಲಿ ಮೇಲೇರುವ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿಯುತ್ತದೆ. ವಾಲ್ವು ಬಾಗಿದರೆ ಹೆಡ್ಡನ್ನೇ ಬಿಚ್ಚಬೇಕು. ಚೈನಿನ ಖರ್ಚಿನ ಮೇಲೆ ಅದೊಂದು ದೊಡ್ಡ ಖರ್ಚು.

ಅನುಭವಸ್ಥ ಮಿಸ್ತ್ರಿ ಪ್ಲಗ್ಗುಗಳನ್ನು ಬಿಚ್ಚಿ, ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ 2 ಪೂರ್ಣ ಸುತ್ತು ತಿರುಗಿಸುತ್ತಾನೆ. ನಡುವೆ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಬೇಕು, ಬಲ ಹಾಕಬಾರದು. ತಡೆಯದಿದ್ದರೆ ಚಕ್ರಗಳ ಗುರುತುಗಳು ಮತ್ತೆ ತಮ್ಮ ಜಾಗಕ್ಕೆ ಬಂದವೇ ನೋಡಬೇಕು. ಚೈನಿನ ಬಣ್ಣದ ಕೊಂಡಿಗಳು ಮಾತ್ರ ಆಗ ಕೂಡಿಬರಲಾರವು; ಅವು ಜೋಡಿಸುವಾಗಿನ ಗುರುತು ಅಷ್ಟೆ. ಹೊಸಬರು ಅದನ್ನು ಕಂಡು ಗಾಬರಿಯಾಗಿ, ಸರಿಯಿದ್ದದ್ದನ್ನೇ ಬಿಚ್ಚಿಹಾಕುವುದುಂಟು.

ಗುರುತು ಸರಿಯಿದ್ದರೆ? ಕೆಲಸದ ನಡುವೆ ತೆಗೆದ ಸೆನ್ಸರ್ ವೈರುಗಳನ್ನು ನೋಡಬೇಕು. ಕ್ರ್ಯಾಂಕ್ ಸೆನ್ಸರಿನ ಪ್ಲಗ್ಗು ಮರೆತರೆ ಬಹುತೇಕ ಎಂಜಿನ್‌ಗಳು ಏಳುವುದಿಲ್ಲ. ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಯಾದರೆ ಅದು ಅರ್ಧ ಸುತ್ತು ತಿರುವುಮುರುವಾಗಿ ಕೂತಿರಬಹುದು. ಇವೂ ಸರಿಯಿದ್ದರೆ ಕಂಪ್ರೆಶನ್ ಅಳೆಯಬೇಕು. ಎಲ್ಲ ಸಿಲಿಂಡರಿನಲ್ಲೂ ಕಡಿಮೆ ಬಂದರೆ ಮೊದಲ ಸಂಶಯ ಟೈಮಿಂಗ್ ಮೇಲೆ. ಒಂದರಲ್ಲಿ ಮಾತ್ರ ಕಡಿಮೆಯಾದರೆ ಅಲ್ಲಿನ ವಾಲ್ವು ಬಾಗಿರುವ ಸಾಧ್ಯತೆ.

ಕೊನೆಗೂ ಎಂಜಿನ್ ಎದ್ದಿತೆನ್ನಿ. ಆಯಿಲ್ ಒತ್ತಡದಿಂದ ನಡೆಯುವ ಟೆನ್ಶನರ್ ತುಂಬಿಕೊಳ್ಳುವವರೆಗೆ, ಕೆಲವೇ ಕ್ಷಣ, ಚೈನು ಗಡಗಡ ಎನ್ನಬಹುದು. ಸದ್ದು ನಿಲ್ಲದಿದ್ದರೆ ಕೂಡಲೇ ಎಂಜಿನ್ ಆರಿಸಿ, ಟೆನ್ಶನರಿನ ಪಿನ್ನು ತೆಗೆಯಲು ಮರೆತಿದೆಯೇ ಎಂದು ನೋಡಬೇಕು.