ಅರವತ್ತರ ವೇಗದಲ್ಲಿ ನಡುಕ

ಓದುಗರೊಬ್ಬರ ಪ್ರಶ್ನೆ: ಹತ್ತು ವರ್ಷ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೇನೆ. ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಹೆದ್ದಾರಿಯಲ್ಲಿ ಅರವತ್ತು–ಎಂಬತ್ತು ಕಿಲೋಮೀಟರ್ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟು ಸಮನಾಗಿ ಹೋಗುವಾಗ ಮಾತ್ರ, ರಂಬಲ್ ಸ್ಟ್ರಿಪ್ ಮೇಲೆ ಹಾದಂತೆ ಇಡೀ ಕಾರು ಒಂದೆರಡು ಸೆಕೆಂಡು ನಡುಗಿ ಸುಮ್ಮನಾಗುತ್ತದೆ. ಗೇರ್‌ಬಾಕ್ಸ್ ಹೋಗಿದೆ, ಬೇರೆಯದನ್ನೇ ಕೂರಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು. ನಿಜವೇ?

ಬಹುಮಟ್ಟಿಗೆ ಅಲ್ಲ ಎಂದೇ ನನ್ನ ಉತ್ತರ. ಗೇರ್‌ಬಾಕ್ಸಿನ ಕ್ಲಚ್ಚುಗಳು ಸವೆದಿದ್ದರೆ ಕಾರು ಹೀಗೆ ನಡುಗುವುದಿಲ್ಲ. ಎಂಜಿನ್ ಭರ್ರನೆ ಏರುತ್ತದೆ, ವೇಗ ಏರುವುದಿಲ್ಲ. ಸೊಲೆನಾಯ್ಡ್ ಅಥವಾ ವಾಲ್ವ್ ಬಾಡಿ ಕೆಟ್ಟಿದ್ದರೆ ಗೇರು ಬದಲಾಗುವಾಗ ಒದ್ದಂತಾಗುತ್ತದೆ. ಎಣ್ಣೆ ಕಡಿಮೆಯಿದ್ದರೆ, ಪಂಪಿನ ಒತ್ತಡ ಕುಸಿದಿದ್ದರೆ, ರಬ್ಬರ್ ಸೀಲುಗಳು ಗಟ್ಟಿಯಾಗಿದ್ದರೆ ‘ಡಿ’ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡು ಕಾರು ಕದಲುವುದೇ ಇಲ್ಲ. ಹಗುರ ಕಾಲು, ಸಮ ವೇಗ, ಮೇಲಿನ ಗೇರು, ಸಣ್ಣ ನಡುಕ ಇವು ಒಟ್ಟಿಗೆ ಕಂಡರೆ ಮೊದಲು ನೋಡಬೇಕಾದ್ದು ಟಾರ್ಕ್ ಕನ್ವರ್ಟರಿನೊಳಗಿನ ಲಾಕ್-ಅಪ್ ಕ್ಲಚ್ಚನ್ನು. ಅದಕ್ಕೂ ಮೊದಲು, ಆ ಕ್ಲಚ್ಚು ಮುಳುಗಿರುವ ಕೆಂಪು ಎಣ್ಣೆಯನ್ನು.

ಇಲ್ಲಿ ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಕಾರುಗಳ ವಿಷಯ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಮನೆಮಾತಾದ ಎಎಂಟಿಯಲ್ಲಿ ಕನ್ವರ್ಟರ್ ಇಲ್ಲ. ಮಾಮೂಲಿ ಕ್ಲಚ್ಚು, ಮಾಮೂಲಿ ಗೇರುಗಳನ್ನೇ ಯಂತ್ರ ಒತ್ತಿ ಬದಲಿಸುತ್ತದೆ. ಅದರ ಕಾಯಿಲೆಗಳೇ ಬೇರೆ. ಸಿವಿಟಿಗೂ ಡ್ಯುಯಲ್ ಕ್ಲಚ್ಚಿಗೂ ಅವುಗಳದ್ದೇ ಆದ ಎಣ್ಣೆಯಿದೆ. ಒಂದರದ್ದನ್ನು ಇನ್ನೊಂದಕ್ಕೆ ಸುರಿಯುವಂತಿಲ್ಲ.

ಟಾರ್ಕ್ ಕನ್ವರ್ಟರ್ ಹುಟ್ಟಿದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಡಗುಗಳಿಗೆ ಉಗಿ ಟರ್ಬೈನುಗಳು ಬಂದವು. ಟರ್ಬೈನು ಬಹಳ ವೇಗವಾಗಿ ತಿರುಗಿದರೆ ಚೆನ್ನ, ನೀರಿನೊಳಗಿನ ಪ್ರೊಪೆಲ್ಲರ್ ನಿಧಾನವಾಗಿ ತಿರುಗಿದರೆ ಚೆನ್ನ. ಇವೆರಡನ್ನು ಜೋಡಿಸುವ ದಾರಿ ಹುಡುಕುತ್ತಿದ್ದ ಹರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರ್, ಸ್ಟೆಟಿನ್‌ನ ವಲ್ಕನ್ ಹಡಗುಕಟ್ಟೆಯಲ್ಲಿದ್ದಾಗ 1905ರಲ್ಲಿ ಒಂದು ಪೇಟೆಂಟ್ ಪಡೆದ. ಎಂಜಿನ್ನಿನ ಕಡೆಯ ಚಕ್ರ ದ್ರವವನ್ನು ಬೀಸುತ್ತದೆ, ಆ ದ್ರವ ಎದುರಿನ ಚಕ್ರವನ್ನು ತಿರುಗಿಸುತ್ತದೆ, ನಡುವಿನ ಸ್ಟೇಟರ್ ಎಂಬ ಮೂರನೆಯ ಚಕ್ರ ಮರಳುವ ಹರಿವಿನ ದಿಕ್ಕನ್ನು ತಿದ್ದುತ್ತದೆ. ಈ ತಿದ್ದುಪಡಿಯಿಂದ ಕಾರು ನಿಂತಲ್ಲಿಂದ ಹೊರಡುವಾಗ ಟಾರ್ಕ್ ಸುಮಾರು ಎರಡು ಪಟ್ಟಾಗುತ್ತದೆ. ಲೋಹ ಲೋಹವನ್ನು ಮುಟ್ಟದೆಯೇ ಬಲ ದಾಟುತ್ತದೆ. ನೂರಿಪ್ಪತ್ತು ವರ್ಷ ಕಳೆದರೂ ಮೂಲ ವಿನ್ಯಾಸ ಅದೇ ಉಳಿದಿರುವುದು ನನಗೆ ಈಗಲೂ ಅಚ್ಚರಿ.

ಇದರ ಕೊರತೆ ಒಂದೇ: ಎರಡು ಚಕ್ರಗಳ ನಡುವೆ ಸದಾ ಸ್ವಲ್ಪ ಜಾರು ಇದ್ದೇ ಇರುತ್ತದೆ. ಜಾರಿದಷ್ಟೂ ಶಾಖ, ಶಾಖವಾದಷ್ಟೂ ಪೆಟ್ರೋಲ್ ನಷ್ಟ. 1949ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ತನ್ನ ಅಲ್ಟ್ರಾಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕನ್ವರ್ಟರಿನೊಳಗೇ ಒಂದು ಕ್ಲಚ್ಚನ್ನಿಟ್ಟಿತು. ವೇಗ ಹಿಡಿದ ಮೇಲೆ ಅದು ಎರಡೂ ಚಕ್ರಗಳನ್ನು ಒಂದಾಗಿ ಬಂಧಿಸುತ್ತಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಈ ಲಾಕ್-ಅಪ್ ಎಲ್ಲೆಡೆ ಬಂತು. ಆದರೆ ಪೂರ್ತಿ ಬಂಧಿಸಿದರೆ ಎಂಜಿನ್ನಿನ ಒಂದೊಂದು ಬಡಿತವೂ ಸೀಟಿನವರೆಗೆ ಬರುತ್ತದೆ. ಹಾಗಾಗಿ ಕಂಪ್ಯೂಟರ್ ಕೈಗೆ ಬಂದ ಮೇಲೆ ಎಂಜಿನಿಯರುಗಳು ಒಂದು ಸೂಕ್ಷ್ಮ ಉಪಾಯ ಮಾಡಿದರು: ಕ್ಲಚ್ಚನ್ನು ಪೂರ್ತಿ ಹಿಡಿಯಲು ಬಿಡದೆ, ನಿಮಿಷಕ್ಕೆ ಕೆಲವು ಹತ್ತು ಸುತ್ತುಗಳಷ್ಟು ಬೇಕೆಂದೇ ಜಾರಲು ಬಿಡುವುದು. ನಮ್ಮ ಓದುಗರ ನಡುಕ ಹುಟ್ಟುವುದು ಈ ಜಾರಿನಲ್ಲಿ.

ಹೇಗೆ ಎಂದು ತಿಳಿಯಲು ಪಿಟೀಲಿನ ಹತ್ತಿರ ಹೋಗಬೇಕು. ಕಮಾನಿನ ಕೂದಲಿಗೆ ರಾಳ ಹಚ್ಚುತ್ತಾರೆ. ಕಮಾನು ಎಳೆದಾಗ ತಂತಿ ಅದಕ್ಕೆ ಅಂಟಿಕೊಂಡು ಜತೆಗೇ ಸರಿಯುತ್ತದೆ. ಬಿಗಿ ಹೆಚ್ಚಾದಾಗ ಹಿಡಿತ ತಪ್ಪಿ ಹಿಂದಕ್ಕೆ ಜಾರುತ್ತದೆ, ಮತ್ತೆ ಅಂಟುತ್ತದೆ. ಅಂಟು, ಜಾರು, ಅಂಟು, ಜಾರು. ಸೆಕೆಂಡಿಗೆ ನೂರಾರು ಸಲ. ಕಿವಿಗೆ ಅದು ನಾದ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ತಂತಿಯ ಈ ಚಲನೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಆಮೇಲೆ ಅದನ್ನು ಗಣಿತದಲ್ಲಿ ಕೊನೆಮುಟ್ಟ ಹಿಂಬಾಲಿಸಿದವರು ನಮ್ಮ ಸಿ.ವಿ. ರಾಮನ್. ಬೆಳಕಿನ ರಾಮನ್ ಎಲ್ಲರಿಗೂ ಗೊತ್ತು. ಬೆಂಗಳೂರಿಗೆ ಬರುವ ಎಷ್ಟೋ ಮೊದಲು, ಕಲ್ಕತ್ತದ ದಿನಗಳಲ್ಲಿ, ಅವರು ಪಿಟೀಲಿನ ರಾಮನ್ ಆಗಿದ್ದರು. ಕಮಾನು ಎಳೆದ ತಂತಿಯ ಕಂಪನಗಳ ಬಗ್ಗೆ 1918ರಲ್ಲಿ ದೊಡ್ಡದೊಂದು ಪ್ರಬಂಧ ಪ್ರಕಟಿಸಿದರು. ಕಮಾನಿನ ವೇಗ ಮತ್ತು ಒತ್ತಡ ಎರಡನ್ನೂ ಅಳೆದು ಹಿಡಿದಿಡಬೇಕೆಂದು ಯಂತ್ರವೇ ಪಿಟೀಲು ನುಡಿಸುವ ವ್ಯವಸ್ಥೆಯನ್ನೂ ಕಟ್ಟಿದರು.

ಈ ನಾದದ ಗುಟ್ಟು ರಾಳದ ಸ್ವಭಾವದಲ್ಲಿದೆ. ಅಂಟಿಕೊಂಡಿರುವಾಗ ರಾಳದ ಹಿಡಿತ ಗಟ್ಟಿ, ಜಾರತೊಡಗಿದೊಡನೆ ಹಿಡಿತ ಸಡಿಲ. ಘರ್ಷಣೆ ವೇಗದ ಜತೆ ಇಳಿಯುವ ಎಲ್ಲಾ ಕಡೆಯೂ ಕಂಪನ ತಾನಾಗಿ ಹುಟ್ಟಿ ಬೆಳೆಯುತ್ತದೆ. ಬಾಗಿಲ ಕೀಲಿನ ಕಿರುಗುಟ್ಟುವಿಕೆಯೂ ಇದೇ, ಲಾಕ್-ಅಪ್ ಕ್ಲಚ್ಚಿನ ನಡುಕವೂ ಇದೇ. ಆದ್ದರಿಂದ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ರಾಳದ ತದ್ವಿರುದ್ಧ ಗುಣ ತೋರಬೇಕು: ಜಾರು ಹೆಚ್ಚಿದಂತೆ ಹಿಡಿತವೂ ಸ್ವಲ್ಪ ಹೆಚ್ಚಬೇಕು. ಆಗ ಏಳುವ ಕಂಪನ ಅಲ್ಲೇ ಅಡಗುತ್ತದೆ. ಬರಿಯ ಖನಿಜ ತೈಲಕ್ಕೆ ಆ ಗುಣವಿಲ್ಲ. ಅದಕ್ಕೆ ಘರ್ಷಣೆ ಪಳಗಿಸುವ ಅಣುಗಳನ್ನು ಬೆರೆಸಬೇಕು. ಅವು ಒಂದು ತುದಿಯಿಂದ ಉಕ್ಕಿಗೆ ಅಂಟಿ, ಉದ್ದನೆಯ ಬಾಲವನ್ನು ಹೊರಗೆ ಚಾಚಿ ನಿಲ್ಲುವಂಥವು.

ಈ ಅಣುಗಳು ಮೊದಲು ಬಂದದ್ದು ಸಮುದ್ರದಿಂದ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ಜನರಲ್ ಮೋಟರ್ಸ್ 1949ರಲ್ಲಿ ‘ಟೈಪ್ ಎ’ ಎಂಬ ಎಣ್ಣೆಯ ನಿಯಮ ಹೊರಡಿಸಿತು. ಆ ಕಾಲದ ಗೇರ್‌ಬಾಕ್ಸ್ ಎಣ್ಣೆಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಅದರಲ್ಲಿರುವುದು ಮಾಮೂಲಿ ಕೊಬ್ಬಿಗಿಂತ ಬೇರೆಯಾದ ಮೇಣದಂಥ ಎಸ್ಟರುಗಳು. ಬಿಸಿಯನ್ನು ತಡೆದು ಲೋಹವನ್ನು ಅಪ್ಪಿಕೊಳ್ಳುವುದರಲ್ಲಿ ಅವನ್ನು ಮೀರಿಸುವ ವಸ್ತು ಆಗ ಇರಲಿಲ್ಲ. ಅಮೆರಿಕದ ಮಧ್ಯಮವರ್ಗದ ಕಾರು ನಯವಾಗಿ ಗೇರು ಬದಲಿಸಲು ತಿಮಿಂಗಿಲಗಳು ಸಾಯುತ್ತಿದ್ದವು. 1970ರಲ್ಲಿ ಅಮೆರಿಕ ಆ ಪ್ರಾಣಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು, ಎಣ್ಣೆಯ ಆಮದು ನಿಂತಿತು. ರಸಾಯನಶಾಸ್ತ್ರಜ್ಞರು ಬದಲಿಗಾಗಿ ಪರದಾಡಿದರು. ಹೋಹೋಬಾ ಎಂಬ ಮರುಭೂಮಿಯ ಪೊದೆಯ ಬೀಜದಲ್ಲಿ ಅಂಥದೇ ಮೇಣದೆಸ್ಟರುಗಳಿವೆ ಎಂದು ಅದಕ್ಕೆ ಬೇಡಿಕೆ ಬಂತು; ರಾಜಸ್ಥಾನದಲ್ಲೂ ಈಗ ಅದನ್ನು ಬೆಳೆಯುತ್ತಾರೆ. ಇಂದಿನ ಎಣ್ಣೆಗಳಲ್ಲಿರುವುದು ಪ್ರಯೋಗಾಲಯದ ಅಣುಗಳು. ಯಾವ ಅಣು, ಎಷ್ಟು ಪ್ರಮಾಣ ಎಂಬುದು ಆಯಾ ಕ್ಲಚ್ಚಿನ ಕಾಗದದಂಥ ಪದರಕ್ಕೆ ಹೊಂದಿಸಿದ್ದು. ಪವರ್ ಸ್ಟೀರಿಂಗಿಗೆಂದು ತಂದಿಟ್ಟ ಕೆಂಪು ಎಣ್ಣೆಯನ್ನೇ ಗೇರ್‌ಬಾಕ್ಸಿಗೂ ಸುರಿಯುವ ಗ್ಯಾರೇಜುಗಳಿಂದ ದೂರವಿರಿ ಎನ್ನುವುದು ಇದಕ್ಕೇ. ಕೆಂಪು ಕೇವಲ ಬಣ್ಣ, ಸೋರಿಕೆ ಗುರುತಿಸಲೆಂದು ಹಾಕಿದ್ದು. ಅದು ಎಣ್ಣೆಯ ಜಾತಿ ಹೇಳುವುದಿಲ್ಲ.

ಆ ಅಣುಗಳು ಬಿಸಿಗೆ ಸಾಯುತ್ತವೆ. ಗೇರ್‌ಬಾಕ್ಸಿನ ಎಣ್ಣೆ ಎಂಬತ್ತರಿಂದ ತೊಂಬತ್ತು ಡಿಗ್ರಿ ಆಸುಪಾಸಿನಲ್ಲಿ ಆರಾಮವಾಗಿರುತ್ತದೆ; ಅಲ್ಲಿಂದ ಮೇಲೆ ಹತ್ತು ಹನ್ನೊಂದು ಡಿಗ್ರಿ ಏರಿದಂತೆಲ್ಲ ಆಯಸ್ಸು ಅರ್ಧವಾಗುತ್ತದೆಂಬ ಅಂದಾಜು ಸೂತ್ರವೊಂದಿದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ತೆವಳುವ ಕಾರನ್ನು ನೆನೆಸಿಕೊಳ್ಳಿ: ಲಾಕ್-ಅಪ್ ಹಿಡಿಯುವಷ್ಟು ವೇಗವೇ ಬರುವುದಿಲ್ಲ, ಕನ್ವರ್ಟರ್ ಇಡೀ ಹೊತ್ತು ಎಣ್ಣೆ ಕಡೆಯುತ್ತಿರುತ್ತದೆ, ಕೂಲರಿಗೆ ಎದುರುಗಾಳಿಯಿಲ್ಲ. ಹಾಗಾಗಿ ನಗರದಲ್ಲಿ ಅರವತ್ತು ಸಾವಿರ ಕಿಲೋಮೀಟರ್ ಓಡಿದ ಕಾರಿನ ಎಣ್ಣೆ, ಹೆದ್ದಾರಿಯಲ್ಲಿ ಲಕ್ಷ ಓಡಿದ ಕಾರಿನದ್ದಕ್ಕಿಂತ ಹಳತಾಗಿರಬಹುದು. ಕಡಿಮೆ ಓಡಿದ ಗಾಡಿ ಎಂಬ ಮಾರಾಟಗಾರರ ಮಾತು ಇಲ್ಲಿ ನಡೆಯುವುದಿಲ್ಲ. ‘ಜೀವಮಾನದ ಎಣ್ಣೆ, ಬದಲಿಸುವುದೇ ಬೇಡ’ ಎಂದು ಕೆಲವು ಕಾರು ಕಂಪನಿಗಳು ಹೇಳುವುದನ್ನು ನಾನು ಒಪ್ಪುವುದಿಲ್ಲ. ಆ ಕಂಪನಿಗಳಲ್ಲಿ ಕೆಲವಕ್ಕೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಸಂಸ್ಥೆಯೇ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎನ್ನುತ್ತದೆ.

ಇನ್ನು ಓದುಗರು ಮಾಡಬೇಕಾದ್ದು. ಖಾಲಿ ರಸ್ತೆಯಲ್ಲಿ, ಹಿಂದೆ ಯಾವ ವಾಹನವೂ ಇಲ್ಲದಾಗ, ನಡುಕ ಶುರುವಾದೊಡನೆ ಬ್ರೇಕ್ ದೀಪ ಹೊತ್ತುವಷ್ಟು ಮಾತ್ರ ಪೆಡಲನ್ನು ತಾಗಿಸಿ, ಆಕ್ಸಿಲರೇಟರ್ ಬಿಡಬೇಡಿ. ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ಸ್ವಿಚ್ಚು ಲಾಕ್-ಅಪ್ ಬಿಡಿಸುತ್ತದೆ. ನಡುಕ ತಕ್ಷಣ ನಿಂತು, ಎಂಜಿನ್ ಸುತ್ತು ಸ್ವಲ್ಪ ಏರಿದರೆ ಕನ್ವರ್ಟರ್ ಕ್ಲಚ್ಚಿನ ಮೇಲಿನ ಅನುಮಾನ ಬಲವಾಗುತ್ತದೆ. ನಡುಕ ಹಾಗೇ ಮುಂದುವರಿದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ನೋಡಿಸಿ. ಆದರೂ ಪ್ಲಗ್ಗುಗಳನ್ನು ಎರಡೂ ಸಂದರ್ಭದಲ್ಲಿ ನೋಡಿಸುವುದು ಒಳ್ಳೆಯದು. ಲಾಕ್-ಅಪ್ ಹಿಡಿದಾಗ ಎಂಜಿನ್ನಿನ ಸಣ್ಣ ಮಿಸ್‌ಫೈರನ್ನು ನುಂಗಿಕೊಳ್ಳಲು ನಡುವೆ ಎಣ್ಣೆಯ ಜಾರು ಇರುವುದಿಲ್ಲ, ಒಂದು ಸಾಧಾರಣ ಕಾಯಿಲಿನ ದೋಷ ಗೇರ್‌ಬಾಕ್ಸಿನ ದೋಷದ ವೇಷ ಹಾಕಿ ಬರುತ್ತದೆ. ಸವೆದ ಎಂಜಿನ್ ಮೌಂಟುಗಳೂ ಹಾಗೆಯೇ ಮೋಸ ಮಾಡುತ್ತವೆ. ಸ್ಕ್ಯಾನರ್ ಹಾಕಿಸಿ ಕೋಡುಗಳನ್ನು ಬರೆದುಕೊಳ್ಳಿ. ಪಿ-0741 ಬಂದರೆ ಅದು ಲಾಕ್-ಅಪ್ ಸರಿಯಾಗಿ ಹಿಡಿಯುತ್ತಿಲ್ಲ ಎಂಬ ದೂರು.

ಆಮೇಲೆ ಎಣ್ಣೆ ನೋಡಿ. ಕಂದು ಪರವಾಗಿಲ್ಲ. ಕಪ್ಪಾಗಿ ಸುಟ್ಟ ವಾಸನೆಯಿದ್ದರೆ ಕ್ಲಚ್ಚು ಪದರ ಉರಿದಿದೆ. ತಿಳಿ ಗುಲಾಬಿಯಾಗಿ ಕೆನೆಗಟ್ಟಿದ್ದರೆ ನೀರು ಸೇರಿದೆ. ಹಳೆಯ ಕಾರುಗಳಲ್ಲಿ ಗೇರ್ ಎಣ್ಣೆಯ ಕೂಲರ್ ರೇಡಿಯೇಟರಿನ ಒಳಗೇ ಇರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಕೂಲಂಟ್ ಬೆರೆತು, ಕ್ಲಚ್ಚಿನ ಪದರವನ್ನು ಹಿಡಿದಿಟ್ಟ ಅಂಟನ್ನೇ ಬಿಡಿಸುತ್ತದೆ. ನೆರೆಯಲ್ಲಿ ಮುಳುಗಿದ ಕಾರಿಗೆ ಗೇರ್‌ಬಾಕ್ಸಿನ ಉಸಿರುಕೊಳವೆಯಿಂದಲೂ ನೀರು ಇಳಿದಿರಬಹುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತಾಗ ಮುಳುಗಿದ ಕಾರುಗಳನ್ನು ಎಲ್ಲರೂ ನೋಡಿದ್ದೇವೆ. ಆ ವರ್ಷಕ್ಕೂ ಹಿಂದಿನ ಆಟೋಮ್ಯಾಟಿಕ್ ಕೊಳ್ಳುವವರು ವಿಮೆಯ ಇತಿಹಾಸ ಕೇಳದೆ ಮುಂಗಡ ಕೊಡಬಾರದು.

ಎಣ್ಣೆ ಬದಲಿಸಿದರೆ ಹಳೆಯ ಗೇರ್‌ಬಾಕ್ಸ್ ಸಾಯುತ್ತದೆ ಎಂಬ ಭಯ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಇದರಲ್ಲಿ ಒಂದು ತುಣುಕು ನಿಜ. ಯಂತ್ರದಿಂದ ಒತ್ತಡ ಕೊಟ್ಟು ತೊಳೆದರೆ ಎಲ್ಲೋ ಕುಳಿತಿದ್ದ ಕೊಳೆ ಎದ್ದು ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಸಿಕ್ಕಿಕೊಳ್ಳಬಹುದು. ಕ್ಲಚ್ಚು ಆಗಲೇ ಮುಗಿದಿದ್ದ ಕಾರಿಗೆ ಕೊನೆಗಳಿಗೆಯಲ್ಲಿ ಹೊಸ ಎಣ್ಣೆ ಹಾಕಿ, ಆಮೇಲೆ ಅದು ನಿಂತರೆ ಎಣ್ಣೆಯನ್ನು ದೂರುವುದೂ ಇದೆ. ಕೆಳಗಿನ ಪ್ಲಗ್ ಬಿಚ್ಚಿ ಇಳಿದಷ್ಟನ್ನು ಇಳಿಸಿ, ಸರಿಯಾದ ನಮೂನೆಯದ್ದನ್ನೇ ತುಂಬುವುದರಲ್ಲಿ ಈ ಅಪಾಯವಿಲ್ಲ. ಹೀಗೆ ಇಳಿಯುವುದು ಸುಮಾರು ಅರ್ಧ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ನಡುವೆ ಕೆಲವು ನೂರು ಕಿಲೋಮೀಟರ್ ಓಡಿಸಿ ಮೂರು ಸಲ ಮಾಡಿದರೆ ಎಂಟರಲ್ಲಿ ಏಳು ಪಾಲು ಹೊಸದಾಗುತ್ತದೆ. ಎಣ್ಣೆಯ ಮಟ್ಟವನ್ನು ಕಾರಿನ ಕೈಪಿಡಿ ಹೇಳಿದ ಉಷ್ಣತೆಯಲ್ಲೇ ಅಳೆಯಿರಿ. ತಣ್ಣಗಿದ್ದಾಗ ಅಳೆದದ್ದು ಲೆಕ್ಕಕ್ಕೆ ಬರುವುದಿಲ್ಲ. ನಡುಕ ನಿಲ್ಲಿಸುತ್ತೇವೆಂದು ಮಾರುವ ಸಣ್ಣ ಬಾಟಲಿಗಳಲ್ಲಿರುವುದೂ ಘರ್ಷಣೆ ಪಳಗಿಸುವ ಅಣುಗಳೇ. ಕೆಲವು ಸಲ ನಡುಕ ನಿಲ್ಲುತ್ತದೆ. ಆದರೆ ಹಳೆಯ ಎಣ್ಣೆಯ ಆಮ್ಲ, ಕೊಳೆ ಒಳಗೇ ಉಳಿಯುತ್ತದೆ, ಪ್ರಮಾಣ ಮೀರಿದರೆ ಬೇರೆ ಕ್ಲಚ್ಚುಗಳು ಜಾರತೊಡಗುತ್ತವೆ. ಅದೇ ದುಡ್ಡಿಗೆ ಒಳ್ಳೆಯ ಎಣ್ಣೆ ಕೊಳ್ಳಿ.

ಪ್ಯಾನ್ ಬಿಚ್ಚಲು ಬರುವ ಕಾರಾದರೆ ಬಿಚ್ಚಿಸಿ, ನೀವೂ ಎದುರಿಗೆ ನಿಂತು ತಳದ ಅಯಸ್ಕಾಂತವನ್ನು ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರುಗಳಿದ್ದರೆ ಎಣ್ಣೆಗೆ ಇನ್ನು ಒಂದು ರೂಪಾಯಿಯನ್ನೂ ಹಾಕಬೇಡಿ. ಆಗ ಗ್ಯಾರೇಜಿನವರ ಮಾತೇ ಸರಿ, ಬಾಕ್ಸ್ ಇಳಿಸಲೇಬೇಕು. ಹಾಗೆ ಇಳಿಸಿದಾಗ ಕೂಲರನ್ನೂ ಅದರ ಕೊಳವೆಗಳನ್ನೂ ತೊಳೆಸಿ ಅಥವಾ ಬದಲಿಸಿ. ಹಳೆಯ ಬಾಕ್ಸಿನ ಚೂರುಗಳು ಅಲ್ಲಿ ಕೂತಿರುತ್ತವೆ, ಹೊಸದನ್ನು ಜೋಡಿಸಿದ ದಿನವೇ ಅದರೊಳಕ್ಕೆ ಹೋಗುತ್ತವೆ.