ಕಲ್ಲಿದ್ದಲಿಗಾಗಿ ಕಾದ ಹಡಗು

ಚೆನ್ನೈ ಹೈಕೋರ್ಟಿನ ಕಾಂಪೌಂಡ್ ಗೋಡೆಯಲ್ಲಿ ಒಂದು ಪುಟ್ಟ ಫಲಕವಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ‘ಎಮ್ಡೆನ್’ ಎಂಬ ಲಘು ಕ್ರೂಸರ್ ನಡೆಸಿದ ದಾಳಿಯ ಗುರುತು ಅದು. ತಮಿಳರಿಗೆ ಈ ಹಡಗನ್ನು ನೆನಪಿಸಲು ಫಲಕವೇನೂ ಬೇಕಿಲ್ಲ. ಎಂಟೆದೆಯ ಚಾಲಾಕಿ ಆಸಾಮಿಗೆ ಅಲ್ಲಿ ‘ಎಮ್ಡನ್’ ಎಂದೇ ಹೆಸರು.

ಎಮ್ಡೆನ್ ನೀರಿಗಿಳಿದದ್ದು 1908ರಲ್ಲಿ, ಡಾನ್ಸಿಗ್‌ನಲ್ಲಿ. 118 ಮೀಟರ್ ಉದ್ದದ ಮೈ, ಹತ್ತು ತೋಪು. ಟರ್ಬೈನುಗಳ ಕಾಲ ಶುರುವಾಗಿದ್ದರೂ ಇದರ ಹೊಟ್ಟೆಯಲ್ಲಿದ್ದುದು ಹಳೇ ಮಾದರಿಯ ಪಿಸ್ಟನ್ ಎಂಜಿನ್. ಹನ್ನೆರಡು ಬಾಯ್ಲರುಗಳಿಗೆ ಕಲ್ಲಿದ್ದಲು ಉಣಿಸುತ್ತಲೇ ಇರಬೇಕು.

ಮಹಾಯುದ್ಧ ಶುರುವಾದಾಗ ಕ್ಯಾಪ್ಟನ್ ಕಾರ್ಲ್ ಫಾನ್ ಮುಲ್ಲರ್ ಒಂದು ಕಲ್ಲಿದ್ದಲು ಹಡಗನ್ನು ಬೆನ್ನಿಗಿಟ್ಟುಕೊಂಡು ಹಿಂದೂ ಮಹಾಸಾಗರಕ್ಕೆ ನುಗ್ಗಿದ. ಬ್ರಿಟಿಷ್ ಕ್ರೂಸರಿನಂತೆ ಕಾಣಲೆಂದು ಮೂರು ಹೊಗೆಕೊಳವೆಗಳ ಸಾಲಿಗೆ ಕ್ಯಾನ್ವಾಸಿನದೊಂದು ಹುಸಿ ಕೊಳವೆ ನಿಲ್ಲಿಸಿದ. ಆದರೆ ಸುತ್ತಲಿನ ಬಂದರುಗಳೆಲ್ಲ ಶತ್ರುವಿನವು. ಕಲ್ಲಿದ್ದಲು ಕೊಡುವವರು ಯಾರು? ಹಿಡಿದ ಹಡಗುಗಳೇ ಕೊಡಬೇಕು. ಗ್ರೀಕ್ ಹಡಗೊಂದರಲ್ಲಿ ಸಿಕ್ಕಿದ ಬಂಗಾಳದ ಕಲ್ಲಿದ್ದಲು ಕಳಪೆ, ಬರೀ ಹೊಗೆ. ಆಮೇಲೆ ಸಿಕ್ಕಿದ ‘ಬ್ಯೂರೆಸ್ಕ್’ನಲ್ಲಿತ್ತು, ಬ್ರಿಟಿಷ್ ನೌಕಾಪಡೆಗೆಂದೇ ಹೊರಟಿದ್ದ ವೇಲ್ಸ್‌ನ ಉತ್ತಮ ಸರಕು. ಹಡಗನ್ನೂ ಜೊತೆಗೇ ಇಟ್ಟುಕೊಂಡರು.

ಮದರಾಸಿನಲ್ಲಿ ಸುಮಾರು ಅರ್ಧ ಗಂಟೆಯಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಶೆಲ್ ಹಾರಿದವು. ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಅಕ್ಟೋಬರಿನಲ್ಲಿ ಇದೇ ಎಮ್ಡೆನ್ ಡಿಯೆಗೊ ಗಾರ್ಸಿಯಾ ದ್ವೀಪಕ್ಕೆ ಹೋದಾಗ ಅಲ್ಲಿಗೆ ಯುದ್ಧದ ಸುದ್ದಿಯೇ ಮುಟ್ಟಿರಲಿಲ್ಲ. ಜರ್ಮನರು ದ್ವೀಪದವರ ಕೆಟ್ಟುನಿಂತ ಮೋಟಾರು ದೋಣಿಯನ್ನು ರಿಪೇರಿ ಮಾಡಿಕೊಟ್ಟು, ಕಲ್ಲಿದ್ದಲು ತುಂಬಿಕೊಂಡು, ಏನೂ ಹೇಳದೆ ಹೊರಟರು. ಅಕ್ಟೋಬರ್ 28ರಂದು ಪೆನಾಂಗ್‌ನಲ್ಲಿ ರಷ್ಯದ ಕ್ರೂಸರ್ ‘ಝೆಮ್ಚುಗ್’ ಮುಳುಗಿತು.

ನವೆಂಬರ್ 9. ಕೊಕೊಸ್ ದ್ವೀಪದ ತಂತಿ ಕೇಂದ್ರವನ್ನು ಹಾಳುಮಾಡಲು ಸುಮಾರು 50 ಮಂದಿ ದಡಕ್ಕಿಳಿದಿದ್ದರು. ಹಡಗಿನಲ್ಲಿದ್ದವರು ಬ್ಯೂರೆಸ್ಕ್‌ನ ದಾರಿ ಕಾಯುತ್ತಿದ್ದರು. ದಿಗಂತದಲ್ಲಿ ಹೊಗೆ ಕಂಡಿತು. ಕಲ್ಲಿದ್ದಲು ಬಂತು ಅಂದುಕೊಂಡರು. ಬಂದದ್ದು ಆಸ್ಟ್ರೇಲಿಯಾದ ‘ಸಿಡ್ನಿ’, ಇನ್ನೂ ದೊಡ್ಡ ತೋಪುಗಳ ಕ್ರೂಸರ್. ನುಜ್ಜುಗುಜ್ಜಾದ ಎಮ್ಡೆನ್ನನ್ನು ಮುಲ್ಲರ್ ಹವಳದ ದಿಬ್ಬಕ್ಕೆ ಏರಿಸಿದ. 130ಕ್ಕೂ ಹೆಚ್ಚು ನಾವಿಕರು ಸತ್ತಿದ್ದರು.

ದಡದಲ್ಲಿ ಉಳಿದವರು ಅಲ್ಲೇ ಲಂಗರು ಹಾಕಿದ್ದ ‘ಆಯೆಷಾ’ ಎಂಬ ಹಳೇ ಹಡಗು ಹತ್ತಿ ಸುಮಾತ್ರಾದತ್ತ ತಪ್ಪಿಸಿಕೊಂಡರು. ಅದು ಹಾಯಿಹಡಗು, ಕಲ್ಲಿದ್ದಲಿನ ಹಂಗಿಲ್ಲದ್ದು.